ನಾಡಿ ಪುಸ್ತಕದಲ್ಲಿ ಕಪ್ಪೆಯ ಪುಟ

ಫೆಬ್ರವರಿ 9

ಕೋಚ್ ಅವರಿಗೆ,

ಮೂರು ವರ್ಷದ ನಂತರ ಬರೆಯುತ್ತಿದ್ದೇನೆ, ಆದ್ದರಿಂದ ಮರ್ಯಾದೆಯಿಂದಲೇ ಶುರುಮಾಡುತ್ತೇನೆ. ಈಜುಕೊಳದ ಬಾಗಿಲು ದಾಟಿದ ಮೇಲೆ ಅಮ್ಮ ಅನ್ನಬಾರದು, ಕೋಚ್ ಅನ್ನಬೇಕು, ನೀವು ಅನ್ನಬೇಕು ಎಂದು ನನಗೆ ಆರು ವರ್ಷವಾಗಿದ್ದಾಗ ಕಲಿಸಿದವರು ನೀವೇ. ಈಗ ನಾನು ಮನೆಯ ಬಾಗಿಲನ್ನೂ ದಾಟಿ ಬಂದವಳು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಹಾವು ಮುಂಗುಸಿ ಆಗುತ್ತೇವೆ. ಈ ಸುದ್ದಿಯನ್ನಂತೂ ಪೂರ್ತಿ ಹೇಳದೆ ನನಗೆ ಊಟ ಸೇರುವುದಿಲ್ಲ. ಪತ್ರಕ್ಕಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ.

ಸುದ್ದಿ ಏನೆಂದರೆ, ನಿಮ್ಮ ಮಗಳು ಅಪರೂಪದವಳು! ನಗಬೇಡಿ. ಫೋಟೋ ಸಮೇತ ಸಾಕ್ಷಿ ಇದೆ.

ನಾನು ಹೃದಯದ ಆಸ್ಪತ್ರೆಯಲ್ಲಿ ಎಕೋ ಕೆಲಸ ಕಲಿಯುತ್ತಿರುವುದನ್ನು ದೊಡ್ಡಮ್ಮ ನಿಮಗೆ ಹೇಳಿಯೇ ಇರುತ್ತಾಳೆ, ಅವಳ ಬಾಯಲ್ಲಿ ಏನು ತಾನೇ ನಿಂತೀತು. ಎಕೋ ಅಂದರೆ ಎದೆಗೆ ತಣ್ಣನೆಯ ಜೆಲ್ ಬಳಿದು, ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಒಂದು ಹಿಡಿಕೆ ಒತ್ತಿದರೆ, ಹೃದಯ ಬಡಿಯುವುದು ಪರದೆಯ ಮೇಲೆ ಕಾಣಿಸುತ್ತದೆ. ಗುರುವಾರ ಮಧ್ಯಾಹ್ನ ರೋಗಿಗಳಿರುವುದಿಲ್ಲ. ಆಗ ಕಲಿಯುವ ನಾವು ಐದು ಜನ ಒಬ್ಬರ ಎದೆ ಒಬ್ಬರು ನೋಡಿ ಅಭ್ಯಾಸ ಮಾಡುತ್ತೇವೆ. ಮೊನ್ನೆ ಮಲಗುವ ಸರದಿ ನನ್ನದು, ಒತ್ತುವ ಸರದಿ ನಾವೆಲ್ಲ ಕನ್ನಡಕ ಎಂದೇ ಕರೆಯುವ ನನ್ನ ರೂಮಿನ ಗೆಳತಿಯದು.

ನಮಗೆ ಕಲಿಸುವ ದೊಡ್ಡ ಮೇಡಂ ಅವತ್ತು ಕೊಟ್ಟ ಪಾಠ ಇದು: ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬುಡದಲ್ಲೇ ಎರಡು ಸಣ್ಣ ನಾಳ ಕವಲೊಡೆಯುತ್ತವೆ, ಎಡಕ್ಕೊಂದು, ಬಲಕ್ಕೊಂದು. ಹೃದಯಕ್ಕೇ ರಕ್ತ ಕೊಡುವುದು ಅವೆರಡೇ. "ಬೀದಿಗೆಲ್ಲಾ ಊಟ ಬಡಿಸೋಳಿಗೂ ಹೊಟ್ಟೆ ಅನ್ನೋದೊಂದು ಇರುತ್ತೆ ಅಲ್ವಾ, ಅವಳ ತಟ್ಟೆ ಇದು. ಎರಡನ್ನೂ ಹುಡುಕಿ ತೋರ್ಸಿ" ಅಂದರು ಮೇಡಂ. ಕನ್ನಡಕ ಎಡಗಡೆಯದನ್ನು ಕಂಡುಹಿಡಿದಳು. ಬಲಗಡೆಯದಕ್ಕಾಗಿ ಹದಿನೈದು ನಿಮಿಷ ನನ್ನ ಪಕ್ಕೆಲುಬು ಅರೆದಳು.

"ಮೇಡಂ, ಇವಳಿಗೆ ಬಲಗಡೇದು ಇಲ್ವೇ ಇಲ್ಲ."

"ಇಲ್ದಿದ್ರೆ ಅವಳು ಹಿಂಗೆ ಹಲ್ಲು ಕಿರ್ಕೊಂಡು ಮಲಗಿರ್ತಿದ್ಲಾ? ಕೊಡಿಲ್ಲಿ."

ಮೇಡಂ ಹಿಡಿಕೆ ತೆಗೆದುಕೊಂಡರು. ಅವರು ಬಾಯಿ ಮುಚ್ಚಿದ್ದನ್ನು ನಾನು ಎಂಟು ತಿಂಗಳಲ್ಲಿ ಮೊದಲ ಸಲ ನೋಡಿದೆ. ಆಮೇಲೆ, "ಯಾರೂ ಅಲ್ಲಾಡ್ಬೇಡಿ" ಅಂದರು. ನನ್ನ ಬಲ ನಾಳ ಬಲಗಡೆ ಹುಟ್ಟಿಯೇ ಇಲ್ಲ! ಎಡದಲ್ಲಿ, ಅಕ್ಕನಂಥ ಎಡ ನಾಳದ ಪಕ್ಕದಲ್ಲೇ ಹುಟ್ಟಿ, ಅಲ್ಲಿಂದ ಎರಡು ದಪ್ಪ ರಕ್ತನಾಳಗಳ ಸಂದಿಯಲ್ಲಿ ನುಸುಳಿಕೊಂಡು ಬಲಕ್ಕೆ ಬಂದಿದೆ. ಸಾವಿರಾರು ಜನರಲ್ಲಿ ಒಬ್ಬಿಬ್ಬರಿಗೆ ಹೀಗಿರುತ್ತದಂತೆ. ಮೇಡಂ ಹತ್ತೊಂಬತ್ತು ವರ್ಷದಲ್ಲಿ ಎಕೋದಲ್ಲೇ ಹಿಡಿದದ್ದು ಇದು ಮೂರನೆಯದು. ಸಂಜೆಯೊಳಗೆ ಹದಿನಾಲ್ಕು ಡಾಕ್ಟರು ಬಂದು ನೋಡಿಹೋದರು. ಲೆಕ್ಕ ಹಾಕಿದ್ದೇನೆ. ಜೆಲ್ ಒಣಗಿ ಒಣಗಿ ಅಂಗಿ ಎದೆಗೆ ಅಂಟಿತು. ಕನ್ನಡಕವಂತೂ ತಾನೇ ಹೆತ್ತವಳ ಹಾಗೆ ಎಲ್ಲರಿಗೂ ತೋರಿಸುತ್ತಿದ್ದಳು.

ಹೆದರುವಂಥದ್ದೇನೂ ಇಲ್ಲ ಅನ್ನಿಸುತ್ತದೆ. ಮುಂದಿನ ವಾರ ಪರೀಕ್ಷೆಗಳಿವೆ. ಇಷ್ಟು ದೊಡ್ಡ ಸುದ್ದಿ ಸಿಕ್ಕಿದಾಗ ಮೊದಲು ಯಾರಿಗೆ ಹೇಳಲಿ ಎಂದು ನೋಡಿದರೆ ನಿಮ್ಮ ಮುಖವೇ ಬಂತು. ನನಗೂ ಆಶ್ಚರ್ಯವಾಯಿತು.

ನಿಮ್ಮ ಹಳೆಯ ಶಿಷ್ಯೆ,
ಕಪ್ಪೆ
(ಎರಡು ಉದ್ದ, ಒಂದು ಗಿಡ್ಡ. ನೆನಪಿದೆಯೇ? ಒಬ್ಬೊಬ್ಬರಿಗೆ ಒಂದೊಂದು ವಿಷಲ್ ಇಟ್ಟಿದ್ದಿರಲ್ಲ, ನನ್ನದು ಅದು. ಈಗಲೂ ರಸ್ತೆಯಲ್ಲಿ ಯಾರಾದರೂ ಹಾಗೆ ಊದಿದರೆ ಕಾಲು ತಾನಾಗಿ ನಿಲ್ಲುತ್ತದೆ.)


ಫೆಬ್ರವರಿ 17

ಕಪ್ಪೆಗೆ,

ಪತ್ರ ಬಂತು. ಮೂರು ಸಲ ಓದಿದೆ. ಮೂರು ಸಲ ಓದಿದ್ದು ಪ್ರೀತಿಗಲ್ಲ, ನಿನ್ನ ಅಕ್ಷರ ಇನ್ನೂ ಕಾಗೆ ಕಾಲು ಗುಬ್ಬಿ ಕಾಲು. ನಿಮ್ಮ ದೊಡ್ಡಮ್ಮನಿಗೆ ಓದಿ ಹೇಳಿದೆ. "ಹುಟ್ಟಿದಾಗ್ಲೇ ನಾನಂದಿರ್ಲಿಲ್ವಾ, ಇದರದ್ದು ಎಲ್ಲಾ ಉಲ್ಟಾ ಅಂತ" ಎಂದು ಅವಳು ಖುಷಿಪಟ್ಟಳು. ಅವಳು ಹಾಗಂದಿರಲಿಲ್ಲ.

ಅಪರೂಪದವಳು ಎಂದು ಕುಣಿಯುತ್ತಿದ್ದೀಯಲ್ಲ, ಅದು ಒಳ್ಳೆಯ ಅಪರೂಪವೋ ಕೆಟ್ಟ ಅಪರೂಪವೋ ಯಾರಾದರೂ ಹೇಳಿದರೇ? ಸಂದಿಯಲ್ಲಿ ನುಸುಳಿದ ನಾಳಕ್ಕೆ ಏನಾಗುತ್ತದೆ? ಡಾಕ್ಟರು ಏನೇನು ಕೇಳಿದರು, ನೀನು ಏನೇನು ಹೇಳಿದೆ, ಒಂದೂ ಬಿಡದೆ ಬರಿ. ನಿನ್ನ ಜೋಕುಗಳನ್ನು ಬಿಟ್ಟು ಬರಿ.

ಇಲ್ಲಿ ಎಲ್ಲ ಹಾಗೇ ಇದೆ. ಮೂರನೇ ಲೇನಿನ ತಳದ ಟೈಲು ಎರಡು ಕಿತ್ತುಹೋಗಿವೆ. ನಾಡಿ ಪುಸ್ತಕ ಈಗ ಮೂವತ್ತೊಂದನೆಯದು ನಡೆಯುತ್ತಿದೆ. ಪ್ರತಿ ಸುತ್ತು ಮುಗಿದ ಮೇಲೆ ಕುತ್ತಿಗೆಗೆ ಎರಡು ಬೆರಳು, ಹದಿನೈದು ಸೆಕೆಂಡು, ಪೆನ್ಸಿಲ್ಲಿನಲ್ಲಿ ಅಂಕಿ. ಹೊಸ ಮ್ಯಾನೇಜರು ಮಕ್ಕಳ ಮಣಿಕಟ್ಟಿಗೆ ಕಟ್ಟುವ ಯಂತ್ರ ತರಿಸಿದ್ದಾನೆ. "ನನ್ನ ಬೆರಳು ಯಾವತ್ತು ತಪ್ಪಿತ್ತು ಹೇಳಪ್ಪಾ" ಎಂದು ಕೇಳಿ ಯಂತ್ರಗಳನ್ನು ಕಪಾಟಿನಲ್ಲಿಡಿಸಿದೆ. ಹಾಗೆ ಕೇಳಿದ್ದು ನಿನ್ನ ಪತ್ರ ಬರುವ ಮುಂಚೆ.

ಬೇಗ ಬರಿ.

ಕೋಚ್


ಫೆಬ್ರವರಿ 25

ಕೋಚ್,

ಪರೀಕ್ಷೆಗಳೆಲ್ಲ ಮುಗಿದವು, ನಾನು ಎಲ್ಲದರಲ್ಲೂ ಪಾಸು! ಜೀವನದಲ್ಲಿ ಮೊದಲ ಸಲ.

ನೋಡಿದವರು ಗುಬ್ಬಚ್ಚಿ ಡಾಕ್ಟರು. ಅವರಿಗೆ ಈ ಹೆಸರು ಇಟ್ಟವರು ನಾವಲ್ಲ, ಹಿಂದಿನ ಬ್ಯಾಚಿನವರು. ಗಿಡ್ಡಕೆ ಇದ್ದಾರೆ, ನಡೆಯುವುದಿಲ್ಲ, ಕುಪ್ಪಳಿಸುತ್ತಾರೆ. ನನ್ನನ್ನು ಒಂದು ದೊಡ್ಡ ಉಂಗುರದಂಥ ಯಂತ್ರದೊಳಗೆ ತೂರಿಸಿ ಹೃದಯದ ಚಿತ್ರ ತೆಗೆಸಿದರು, ನಾಳ ಎಕೋದಲ್ಲಿ ಕಂಡ ಹಾಗೆಯೇ ಇದೆ. ಆಮೇಲೆ ಎದೆಗೆ ತಂತಿ ಅಂಟಿಸಿ ಓಡುವ ಪಟ್ಟಿಯ ಮೇಲೆ ಹದಿಮೂರು ನಿಮಿಷ ಓಡಿಸಿದರು. ತಂತಿಯ ಗೆರೆಗಳಲ್ಲಿ ಒಂದು ತಪ್ಪಿಲ್ಲ.

ನೀನು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಓಡುವಾಗ, ಈಜುವಾಗ ಆ ಎರಡು ದಪ್ಪ ನಾಳಗಳು ಉಬ್ಬುತ್ತವಂತೆ. ನಡುವೆ ಸಿಕ್ಕಿಕೊಂಡ ತೆಳ್ಳನೆಯದು ಅಮುಕಿಹೋದರೆ ಹೃದಯಕ್ಕೇ ರಕ್ತ ಸಾಲದೆ ತಾಳ ತಪ್ಪುತ್ತದೆ. ಕೆಲವರಿಗೆ ಬಡಿತ ಬಿಟ್ಟು ಬಿಟ್ಟು ಬರುತ್ತದೆ, ಕೆಲವರು ಪ್ರಜ್ಞೆ ತಪ್ಪಿ ಬೀಳುತ್ತಾರೆ, ಕೆಲವರು ಬಿದ್ದವರು ಏಳುವುದಿಲ್ಲ. ಅಂಥ ಗುರುತು ಒಂದೇ ಒಂದು ಸಲ ಕಂಡಿದ್ದರೂ ಆಪರೇಷನ್ ಮಾಡಲೇಬೇಕು. ಗುರುತೇ ಇಲ್ಲ, ಓಟದ ಪರೀಕ್ಷೆಯೂ ಸರಿಯಿದೆ ಎಂದಾದರೆ, ಬಲ ನಾಳವಾದ್ದರಿಂದ, ಅದರ ಪಾಡಿಗೆ ಬಿಟ್ಟು ವರ್ಷಕ್ಕೊಮ್ಮೆ ನೋಡಿದರೆ ಸಾಕು. ನನ್ನದು ಎರಡನೆಯ ಜಾತಿ!

"ಆಡೋವಾಗ, ಓಡೋವಾಗ ಯಾವತ್ತಾದ್ರೂ ಪ್ರಜ್ಞೆ ತಪ್ಪಿತ್ತಾ?" ಎಂದು ಕೇಳಿದರು.

"ಇಲ್ಲ ಸರ್. ಒಂದ್ಸಲ ತಪ್ಪಿದ ಹಾಗೆ ನಾಟಕ ಮಾಡಿದ್ದೆ."

"ನಿಜವಾಗ್ಲೂ ನಾಟಕಾನಾ?"

"ಇಪ್ಪತ್ತು ಜನರ ಮುಂದೆ ನಾನೇ ಒಪ್ಕೊಂಡಿದ್ದೆ ಸರ್. ನಮ್ಮಮ್ಮನೇ ಕೋಚು. ನಾಡಿ ಹಿಡಿದ್ರೆ ಅವಳ ಬೆರಳು ತಪ್ಪಲ್ಲ."

ಅವರು ಇನ್ನೊಂದು ಸಲ ಕೇಳಿದರು, ನಾನು ಇನ್ನೊಂದು ಸಲ ಹಾಗೇ ಹೇಳಿದೆ. ಬರೆದುಕೊಂಡರು.

ಆ ಹಳೇ ಕಥೆಯನ್ನು ನಗುನಗುತ್ತಾ ಹೇಳಿದೆ ಎಂದು ನನಗೇ ಹೆಮ್ಮೆಯಾಯಿತು. ಹದಿನಾಲ್ಕು ವರ್ಷ ಆಗ ನನಗೆ, ನಾನೂರು ಮೀಟರಿನ ಆಯ್ಕೆ, ಆರನೇ ಸುತ್ತು. "ಎದೆ ಹಿಡ್ಕೊಳ್ತು ಕೋಚ್" ಎಂದು ನಾನಂದರೆ, "ಸೋಲೋ ಭಯಕ್ಕೆ ನಾಟಕ" ಎಂದು ನೀನಂದೆ. ಒಪ್ಪಿಕೊಳ್ಳುವವರೆಗೂ ಒದ್ದೆ ಬಟ್ಟೆಯಲ್ಲೇ ಬೆಂಚಿನ ಮೇಲೆ ಕೂರಿಸಿದೆ. ಒಪ್ಪಿಕೊಂಡೆ. ಒಪ್ಪಿಕೊಂಡು ಒಪ್ಪಿಕೊಂಡು ಈಗ ನನಗೂ ಅದೇ ನಿಜ ಅನ್ನಿಸಿಬಿಟ್ಟಿದೆ. ಅವತ್ತಿನಿಂದ ನಾನು ನೀರಿಗಿಳಿಯಲಿಲ್ಲ, ನಾವಿಬ್ಬರೂ ಸರಿಯಾಗಿ ಮಾತಾಡಲೂ ಇಲ್ಲ. ಇರಲಿ ಬಿಡು.

ಈಗ ಗುಟ್ಟು ಹೇಳುತ್ತೇನೆ. ಒಂದು ವರ್ಷದಿಂದ ನಾನು ಮತ್ತೆ ಈಜುತ್ತಿದ್ದೇನೆ! ಮಾರ್ಚ್ 16ಕ್ಕೆ ಆಸ್ಪತ್ರೆ ನೌಕರರ ಕೆರೆ ಈಜು, ಒಂದೂವರೆ ಕಿಲೋಮೀಟರ್, ಹೆಸರು ಕೊಟ್ಟಿದ್ದೇನೆ. ಡಾಕ್ಟರು ಬೇಡವೆನ್ನಲಿಲ್ಲ. ಉಸಿರು ಚೆನ್ನಾಗಿದೆ, ಕೈ ಚೆನ್ನಾಗಿದೆ. ಜೋರಾಗಿ ಹೋದರೆ ಮಾತ್ರ ಒಮ್ಮೊಮ್ಮೆ ಎದೆಯಲ್ಲಿ ಅದೇ ಹಳೇ ಬಿಗಿತ. ಹಳೇ ನಾಟಕದ ಬುದ್ಧಿ, ಸಾಯುವವರೆಗೂ ಹೋಗುವುದಿಲ್ಲ. ಗದರಿಸಿಕೊಂಡು ಮುಂದೆ ಹೋಗುತ್ತೇನೆ, ನೀನು ಕಲಿಸಿದ ಹಾಗೆ.

ನೋಡಲು ಬಾ ಎಂದು ಕರೆಯುತ್ತಿಲ್ಲ. ಕೆರೆಯ ವಿಳಾಸ, ಬಸ್ ನಂಬರು, ಹೊರಡುವ ಹೊತ್ತು ಎಲ್ಲ ಕಾಗದದ ಹಿಂಬದಿಯಲ್ಲಿವೆ, ಸುಮ್ಮನೆ.

ಕಪ್ಪೆ

(ಓದಿ ನೋಡಿದರೆ ಎಲ್ಲೋ ನಡುವೆ ನೀವು ಹೋಗಿ ನೀನು ಬಂದುಬಿಟ್ಟಿದೆ. ಹೊಡೆದು ಹಾಕಿ ಮತ್ತೆ ಬರೆಯಲು ಸೋಮಾರಿತನ.)


ಮಾರ್ಚ್ 4

ಕಪ್ಪೆಗೆ,

ಟೈಲು ಹಾಕಿಸಿದೆ. ನೀರು ಕಾಯಿಸುವ ಯಂತ್ರ ಕೆಟ್ಟಿದೆ. ಮಕ್ಕಳು ನಡುಗುತ್ತಾರೆ. ದೊಡ್ಡಮ್ಮನ ಮಂಡಿ ನೋವು ಹಾಗೇ ಇದೆ.

ಕೆರೆ ಈಜು ಬೇಡ. ಹೆಸರು ವಾಪಸ್ ತೆಗೆದುಕೋ. ಈಗ ಕಾರಣ ಕೇಳಬೇಡ. ಬೇಡ ಅಂದರೆ ಬೇಡ.

ಕೋಚ್


ಮಾರ್ಚ್ 10

ಅಮ್ಮಾ,

ಕೋಚ್ ಅನ್ನುವುದಿಲ್ಲ, ಕೋಚ್ ಆಗಿದ್ದರೆ ಕಾರಣ ಹೇಳುತ್ತಿದ್ದರು. ಬೇಡ ಅಂದರೆ ಬೇಡವಂತೆ! ನಾಯಿ ಬಾಲ ಡೊಂಕು. ಹದಿನಾಲ್ಕು ಡಾಕ್ಟರು ಒಂದು ಕಡೆ, ನೀನೊಬ್ಬಳು ಒಂದು ಕಡೆ. ನಾನು ಸೋಲುತ್ತೇನೆ ಎಂದು ನಿನಗೆ ಭಯ, ಎಂಟು ಸುತ್ತಿನಲ್ಲಿ ಆರಕ್ಕೇ ಬಿದ್ದವಳು ಕೆರೆ ದಾಟುತ್ತಾಳೆಯೇ ಎಂದು ನಿನ್ನ ಲೆಕ್ಕ.

ದಾಟುತ್ತೇನೆ. ಮೊದಲ ಹತ್ತರಲ್ಲಿ ದಾಟುತ್ತೇನೆ. ಎದೆ ಹಿಡಿದುಕೊಂಡರೂ ನಿಲ್ಲುವುದಿಲ್ಲ, ಇದನ್ನು ಬರೆದಿಟ್ಟುಕೋ ನಿನ್ನ ಪುಸ್ತಕದಲ್ಲಿ. ಹದಿನಾರನೇ ತಾರೀಖಿನವರೆಗೆ ನಿನ್ನ ಫೋನ್ ತೆಗೆಯುವುದಿಲ್ಲ, ಪತ್ರ ಬಂದರೂ ಒಡೆಯುವುದಿಲ್ಲ.

ಕಪ್ಪೆ


ಮಾರ್ಚ್ 15, ಬಸ್ಸಿನಲ್ಲಿ

ಮಗಳೇ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ನಿನಗೆ ಮುಟ್ಟುವುದು ಇಪ್ಪತ್ತನೇ ತಾರೀಖಿಗೆ. ನಿನ್ನ ಪತ್ರ ಇವತ್ತು ಬೆಳಿಗ್ಗೆ ಬಂತು. ಹನ್ನೊಂದು ಸಲ ಫೋನ್ ಮಾಡಿದೆ. ಆಸ್ಪತ್ರೆಗೂ ಮಾಡಿದೆ. ಅಲ್ಲಿಯ ಹುಡುಗಿ "ಯಾವ ವಾರ್ಡಿನ ಪೇಷಂಟ್ ಅಮ್ಮಾ?" ಅಂದಳು. ಪೇಷಂಟ್ ಅಲ್ಲ, ಆಗಬೇಕಾದವಳು ಎಂದೆ. ಲೈನಿನಲ್ಲಿ ಇರಿ ಎಂದು ಸಂಗೀತ ಹಾಕಿದಳು. ಸಂಗೀತ ಕೇಳಿ ಕೇಳಿ ಸಾಕಾಗಿ, ಚೀಲ ತೆಗೆದುಕೊಂಡು ಬಸ್ ಹತ್ತಿದೆ. ನಿನ್ನ ಮುಂದೆ ನಿಂತರೆ ನನಗೆ ಮತ್ತೆ ಬೈಗುಳವೇ ಬರುತ್ತದೆ, ಅದಕ್ಕೇ ಇಲ್ಲೇ ಬರೆದಿಡುತ್ತಿದ್ದೇನೆ. ಬಸ್ಸು ಕುಲುಕುತ್ತಿದೆ. ಇವತ್ತು ನನ್ನ ಅಕ್ಷರವೂ ಗುಬ್ಬಿ ಕಾಲು.

ಹತ್ತೊಂಬತ್ತನೇ ನಾಡಿ ಪುಸ್ತಕ ನನ್ನ ತೊಡೆಯ ಮೇಲಿದೆ. ನಿನ್ನ ಪುಟ ತೆಗೆದಿದ್ದೇನೆ. ಮೊದಲ ಪತ್ರ ಬಂದ ಸಂಜೆಯೇ ತೆಗೆದೆ, ಅವತ್ತಿನಿಂದ ದಿನಾ ತೆಗೆಯುತ್ತಿದ್ದೇನೆ.

ಆ ಆಯ್ಕೆಗೆ ಮುಂಚಿನ ಮೂರು ವಾರದಲ್ಲಿ ನಾಲ್ಕು ಕಡೆ ಅಂಕಿಯ ಮುಂದೆ "ಎಣಿಕೆ ತಪ್ಪು" ಎಂದು ಬರೆದಿದ್ದೇನೆ. ಇಷ್ಟು ವರ್ಷದಲ್ಲಿ ಬೇರೆ ಯಾವ ಮಗುವಿನ ಪುಟದಲ್ಲೂ ಆ ಮಾತಿಲ್ಲ. ಜೋರು ಸುತ್ತಿನ ನಂತರ ನಿನ್ನ ಕುತ್ತಿಗೆಗೆ ಬೆರಳಿಟ್ಟರೆ ಬಡಿತ ಬಡಿತ ಬಡಿತ, ಆಮೇಲೆ ಖಾಲಿ, ಆಮೇಲೆ ಎರಡು ಒಟ್ಟಿಗೆ. ಹದಿನಾಲ್ಕು ವರ್ಷದ ಹುಡುಗಿಯ ಹೃದಯ ತಪ್ಪುತ್ತದೆಯೇ, ತಪ್ಪಿದ್ದು ನಾನೇ ಇರಬೇಕು, ಸ್ವಂತ ಮಗಳೆಂದು ಮನಸ್ಸು ಆಚೀಚೆ ಆಗುತ್ತದೆ ಎಂದುಕೊಂಡೆ. ಪಕ್ಕದಲ್ಲಿ ಒಂದು ಚೆಂದದ ಅಂಕಿ ಹಾಕಿ ಸರಿಮಾಡಿದೆ. ಬೆರಳು ನಿಜ ಹೇಳುತ್ತಿತ್ತು, ಬೆರಳಿನ ಒಡತಿ ನಂಬಲಿಲ್ಲ.

ಇನ್ನು ಆ ದಿನದ್ದು. ನಿನ್ನನ್ನು ನೀರಿನಿಂದ ಎಳೆದು ಕೊಳದ ಅಂಚಿನ ಮೇಲೆ ಹಾಕಿದಾಗ ಮೊದಲು ಕುತ್ತಿಗೆಗೇ ಬೆರಳಿಟ್ಟೆ. ಏನೂ ಇಲ್ಲ. ಒಂದು, ಎರಡು, ಮೂರು, ನಾಲ್ಕು ಎಣಿಸಿದೆ. ಗೋಡೆಯ ಗಡಿಯಾರದ ಮುಳ್ಳು ಹೋಗುತ್ತಿತ್ತು, ನಿನ್ನದು ಬರಲಿಲ್ಲ. ಎದೆಗೆ ಕೈ ಒತ್ತಬೇಕು ಎನ್ನುವಷ್ಟರಲ್ಲಿ ಕುದುರೆ ಓಡಿದ ಹಾಗೆ ಬಂತು, ನೀನು ಕಣ್ಣು ಬಿಟ್ಟೆ. ನನಗೆ ಹೆದರಿಕೆಯಾದರೆ ಬರುವುದು ಬೈಗುಳ ಒಂದೇ, ಅದು ನಿನಗೆ ಗೊತ್ತು. ನಾಟಕ ಎಂದುಬಿಟ್ಟೆ. ನಾಟಕವಾಗಿದ್ದರೆ ಆ ನಾಲ್ಕು ಸೆಕೆಂಡು ನಡೆದೇ ಇಲ್ಲವೆಂದಾಗುತ್ತಿತ್ತಲ್ಲ, ಅದಕ್ಕೆ. ಆಮೇಲೆ ನಿನ್ನ ಬಾಯಿಂದಲೂ ಹಾಗೇ ಹೇಳಿಸಿದೆ. ಮಗಳೇ, ನಾನು ಮಾಡಿದ್ದು ಮಹಾ ತಪ್ಪು.

ಹೋದ ಪತ್ರದಲ್ಲೇ ಬರೆಯಬೇಕಿತ್ತು. ಎರಡು ಹಾಳೆ ಬರೆದು ಹರಿದೆ. ಟೈಲು, ಮಂಡಿ ನೋವು ಬರೆದು ಕಳಿಸಿದೆ. ಹೇಡಿ ನಾನು.

ನಿನಗೆ ಗುರುತು ಇತ್ತು. ಒಂದಲ್ಲ, ಐದು. ನಿನ್ನ ಡಾಕ್ಟರಿಗೆ ತಿಳಿಯಬೇಕಾದ್ದು ಇದೇ. ಈ ಪುಸ್ತಕವನ್ನು ಅವರ ಕೈಗಿಟ್ಟ ಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ. ಆದರೆ ನಾಳೆ ನೀರಿಗಿಳಿಯಬೇಡ. ಬಸ್ಸು ತಡವಾಗಬಾರದು ಎಂದು ಡ್ರೈವರಿಗೆ ಎರಡು ಸಲ ಹೇಳಿದೆ. "ಅಮ್ಮಾ, ನೀವೇ ಓಡಿಸ್ತೀರಾ?" ಅಂದ.

ಅಮ್ಮ


ಏಪ್ರಿಲ್ 3, ಬೆಳಿಗ್ಗೆ

ಅಮ್ಮಾ,

ನೀನು ಕೆಳಗೆ ಕಾಯುವ ಕೋಣೆಯಲ್ಲಿ ಕೂತಿದ್ದೀಯ, ನಾನು ನಾಲ್ಕನೇ ಮಹಡಿಯಲ್ಲಿ ಹಸಿರು ಅಂಗಿ ಹಾಕಿಕೊಂಡು ಸರದಿಗೆ ಕಾಯುತ್ತಿದ್ದೇನೆ. ಒಳಗೆ ಬಿಡುವುದಿಲ್ಲ ಎಂದು ನೀನು ಜಗಳ ಮಾಡಿದ್ದು ಇಲ್ಲಿಯವರೆಗೂ ಕೇಳಿಸಿತು. ನರ್ಸಿನ ಕೈಯಲ್ಲಿ ಈ ಚೀಟಿ ಕಳಿಸುತ್ತಿದ್ದೇನೆ.

ಈ ಹದಿನೆಂಟು ದಿನ ನಾವು ಮಾತಾಡಿದ್ದಕ್ಕಿಂತ ಪಕ್ಕಪಕ್ಕ ಕೂತು ಸುಮ್ಮನಿದ್ದದ್ದೇ ಹೆಚ್ಚು. ನೀನು ಬಸ್ಸಿನಲ್ಲಿ ಬರೆದು ಕೈಗಿಟ್ಟ ಪತ್ರ ನನ್ನ ದಿಂಬಿನ ಕೆಳಗಿದೆ. ನಾನು ಹೇಳದೆ ಉಳಿದದ್ದನ್ನು ಈಗ ಹೇಳಿಬಿಡುತ್ತೇನೆ. ಕೆರೆಯ ದಿನ ನೂರಾ ಇಪ್ಪತ್ತು ಜನ ಹೊರಟಿದ್ದೆವು. ನಾನು ಮೊದಲ ಹತ್ತರಲ್ಲಿದ್ದೆ, ಸುಳ್ಳಲ್ಲ, ಕನ್ನಡಕ ಸಾಕ್ಷಿ. ಮುನ್ನೂರು ಮೀಟರಿಗೆ ಎದೆ ಹಿಡಿಯಿತು. ಗದರಿಸಿದೆ. ಇನ್ನೂ ಹಿಡಿಯಿತು. ಕಣ್ಣಿಗೆ ಅಂಚಿನಿಂದ ಕತ್ತಲು ಬರುತ್ತಿತ್ತು, ನಾನು ಇನ್ನೂ ಜೋರಾಗಿ ಕೈ ಬೀಸುತ್ತಿದ್ದೆ. ಆಗ ಬಂತು, ಎರಡು ಉದ್ದ, ಒಂದು ಗಿಡ್ಡ. ಅಮ್ಮಾ, ನಾನು ಯೋಚಿಸಲೇ ಇಲ್ಲ. ಒಂಬತ್ತು ವರ್ಷದ ಸಿಟ್ಟು, ಶಪಥ, ಮೊದಲ ಹತ್ತು, ಎಲ್ಲ ಬಿಟ್ಟು ಕೈ ತಾನಾಗಿ ನಿಂತಿತು. ಅಂಗಾತ ತಿರುಗಿ ತೇಲಿದೆ. ದೋಣಿಯವನು ಎಳೆದುಕೊಂಡ. ದಡದಲ್ಲಿ ನೀನು ಸೀರೆ ಸಮೇತ ಮಂಡಿವರೆಗೆ ನೀರಿನಲ್ಲಿ ನಿಂತು ಇನ್ನೂ ಊದುತ್ತಿದ್ದೆ, ಸಂಘಟಕರು ನಿನ್ನನ್ನು ಹೊರಗೆ ಕರೆಯುತ್ತಿದ್ದರು.

ನೀನು ಕುತ್ತಿಗೆಗೆ ಬೆರಳಿಟ್ಟೆ. ಬೈಯುತ್ತೀಯ ಎಂದುಕೊಂಡೆ. "ತಪ್ತಾ ಇದೆ" ಎಂದು ನೀನಂದೆ, ಅಷ್ಟೇ. "ನಿಂದು ತಪ್ತಾ ಇದೆ" ಎಂದು ಅತ್ತುಬಿಟ್ಟೆ. ನಾನು ನಕ್ಕೆ. ನಿನ್ನ ಜೊತೆ ಸೇರಿ ಆಮೇಲೆ ಅತ್ತೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನೀನು ಪುಸ್ತಕ ಕೊಟ್ಟು ಹೊರಗೆ ಹೋದ ಮೇಲೆ ಗುಬ್ಬಚ್ಚಿ ಡಾಕ್ಟರು ಕುಪ್ಪಳಿಸಲಿಲ್ಲ. ಕೂತು ಒಂದೊಂದೇ ಸಾಲು ಬೆರಳಿಟ್ಟು ಓದಿದರು. "ಯಂತ್ರ ಹಿಡೀದೇ ಇರೋದನ್ನ ಇವರು ಒಂಬತ್ತು ವರ್ಷದ ಹಿಂದೆ ಎರಡು ಬೆರಳಲ್ಲಿ ಹಿಡಿದಿದ್ದಾರೆ" ಅಂದರು. ದೊಡ್ಡ ಮೇಡಂ ಮುಂದಿನ ಬ್ಯಾಚಿಗೆ ಪಾಠ ಮಾಡಲು ಆ ಪುಟದ ಫೋಟೋ ತೆಗೆದಿಟ್ಟುಕೊಂಡಿದ್ದಾರೆ. ನನ್ನ ಹೃದಯಕ್ಕಿಂತ ನಿನ್ನ ಪುಸ್ತಕಕ್ಕೇ ಈಗ ಹೆಚ್ಚು ಗಿರಾಕಿ. ಹೊಟ್ಟೆಕಿಚ್ಚಾಗುತ್ತಿದೆ.

ಮಾಡುವುದು ಇಷ್ಟೇ: ಸಂದಿಯಲ್ಲಿ ಆ ನಾಳ ದಪ್ಪ ನಾಳದ ಗೋಡೆಯೊಳಗೇ ಹೂತು ಹೋಗಿದೆ, ಬಾಯಿ ಸೀಳಿನಷ್ಟು ಕಿರಿದು. ಗೋಡೆಯನ್ನು ಒಳಗಿನಿಂದ ಬಿಡಿಸಿ ಬಾಯಿ ಅಗಲ ಮಾಡುತ್ತಾರೆ. ನನ್ನ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಹೆದರಿಕೆ ಇದೆಯೇ ಎಂದರೆ ಇದೆ. ಆದರೆ ನಾಲ್ಕು ಸೆಕೆಂಡು ನಿಂತು ಹೊರಟು ಅಭ್ಯಾಸವಿರುವ ಹೃದಯ ಅದು, ಅಲ್ಲವೇ?

ಕರೆಯುತ್ತಿದ್ದಾರೆ. ಕಾಫಿ ಕುಡಿ, ಸೆಕ್ಯುರಿಟಿಯವನ ಜೊತೆ ಜಗಳ ಮಾಡಬೇಡ.

ನಿನ್ನ ಕಪ್ಪೆ


ಮೇ 8

ಅಮ್ಮಾ,

ನೀನು ಹೋಗಿ ಒಂಬತ್ತು ದಿನವಾಯಿತು. ಕನ್ನಡಕ ನನಗೆ ನೀರಿನ ಲೋಟ ಕೂಡ ಎತ್ತಲು ಬಿಡುವುದಿಲ್ಲ. ನಿನ್ನಿಂದ ದೀಕ್ಷೆ ತೆಗೆದುಕೊಂಡಿರಬೇಕು. ಎದೆಯ ಗಾಯ ಒಣಗಿದೆ, ಸೀನಿದರೆ ಮಾತ್ರ ದೇವರು ಕಾಣುತ್ತಾನೆ. ನಿನ್ನೆ ದೊಡ್ಡ ಮೇಡಂ ಎಕೋ ಮಾಡಿದರು. ನಾಳದ ಬಾಯಿ ಎಷ್ಟು ಅಗಲವಾಗಿದೆ ಎಂದರೆ ಕನ್ನಡಕವೇ ಒಂದೇ ನಿಮಿಷದಲ್ಲಿ ಕಂಡುಹಿಡಿದಳು! ಹದಿನಾಲ್ಕು ಡಾಕ್ಟರಲ್ಲಿ ಹನ್ನೊಂದು ಜನ ಮತ್ತೆ ಬಂದಿದ್ದರು. ನಾನು ಇನ್ನು ಮುಂದೆ ಅಪರೂಪದವಳಲ್ಲ ಎಂದು ಎಲ್ಲರಿಗೂ ಸ್ವಲ್ಪ ಬೇಜಾರು.

ಪುಸ್ತಕ ಇಲ್ಲೇ ಮರೆತು ಹೋಗಿದ್ದೀಯ, ಹಾಸಿಗೆಯ ಕೆಳಗೆ ಸಿಕ್ಕಿತು. ಮರೆತೆಯೋ, ಬಿಟ್ಟುಹೋದೆಯೋ, ನಾನು ಕೇಳುವುದಿಲ್ಲ. ಇವತ್ತಿನವರೆಗೆ ನೀನು ಓದಿ ಹೇಳಿದ್ದನ್ನು ಕೇಳಿದ್ದೆ, ಡಾಕ್ಟರು ಓದಿದ್ದನ್ನು ನೋಡಿದ್ದೆ. ನಾನೇ ತೆರೆದು ಓದಿದ್ದು ಈಗಲೇ.

ಆಯ್ಕೆಯ ದಿನದ ಸಾಲಿನಲ್ಲಿ ಅಂಕಿ ಇಲ್ಲ. "ನಾಟಕ" ಎಂದು ಬರೆದಿದೆ. ಅದನ್ನು ಹೊಡೆದು ಹಾಕಿ, ಮೊದಲ ಪತ್ರ ನಿನಗೆ ಮುಟ್ಟಿದ ದಿನದ ತಾರೀಖು ಹಾಕಿ, ಪಕ್ಕದಲ್ಲಿ ಬರೆದಿದ್ದೀಯ: "ನಾಡಿ ಸಿಗಲಿಲ್ಲ, ನಾಲ್ಕು ಸೆಕೆಂಡು. ಹುಡುಗಿ ನಿಜ ಹೇಳಿದ್ದಳು."

ಅದನ್ನು ಎರಡು ಸಲ ಓದಿದೆ. ಅಳಬಾರದು, ಎದೆ ಎಳೆಯುತ್ತದೆ. ಆದರೂ ಅತ್ತೆ, ಎಳೆಯಿತು. ಒಂಬತ್ತು ವರ್ಷದಿಂದ ಬೆಂಚಿನ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತಿದ್ದವಳು ಇವತ್ತು ಎದ್ದು ಬಂದಳು ಅಮ್ಮಾ.

ಕೊನೆಯ ಪುಟದಲ್ಲಿ ಇಲ್ಲಿಯ ಲೆಕ್ಕವೂ ಇದೆ. ಆಪರೇಷನ್ ಆಗಿ ಐದನೇ ದಿನ, ತಂತಿಗಳನ್ನೆಲ್ಲ ಬಿಚ್ಚಿದ ಮೇಲೆ, ನೀನು ನನ್ನನ್ನು ವರಾಂಡದಲ್ಲಿ ನಡೆಸಿದ್ದೆಯಲ್ಲ, ಅದನ್ನೂ ಸುತ್ತು ಎಂದು ಬರೆದಿದ್ದೀಯ. "ಮೂರು ಸುತ್ತು. ಇಪ್ಪತ್ತೆರಡು. ಎರಡು ಸಲ ಖಾಲಿ. ಎಣಿಕೆ ಸರಿ. ಬಡಿತವೇ ತಪ್ಪಿದೆ. ನರ್ಸಿಗೆ ಹೇಳಿದೆ." ನರ್ಸು "ನಿಮಗೆ ಹಾಗನ್ನಿಸ್ತು ಅಷ್ಟೇ ಅಮ್ಮಾ" ಅಂದದ್ದೂ, "ನಂಗೆ ಅನ್ಸೋದಿಲ್ಲ ಕಣಮ್ಮ, ಗೊತ್ತಾಗುತ್ತೆ" ಎಂದು ನೀನು ನಿಂತ ಜಾಗ ಬಿಡದೆ ಮತ್ತೆ ತಂತಿ ಹಾಕಿಸಿದ್ದೂ ನನಗೆ ನೆನಪಿದೆ. ತಂತಿಯಲ್ಲೂ ಎರಡು ಖಾಲಿ ಕಂಡವು. ಹೊಲಿಗೆ ಬಿದ್ದ ಹೃದಯದಲ್ಲಿ ಇದೆಲ್ಲ ಮಾಮೂಲಿ, ಹೆದರಬೇಕಿಲ್ಲ ಎಂದು ಡಾಕ್ಟರು ಒಂದು ಸಣ್ಣ ಮಾತ್ರೆ ಕೊಟ್ಟರು. ಈಗ ಆ ಮಾತ್ರೆಯೂ ನಿಂತಿದೆ.

ಜುಲೈ ಕೊನೆಗೆ ಇನ್ನೊಂದು ಓಟದ ಪರೀಕ್ಷೆ. ಅದು ಸರಿಯಾದರೆ ನೀರಿಗಿಳಿಯಬಹುದಂತೆ. ಕೆರೆಗೆ ಹೋಗುವುದಿಲ್ಲ, ಮೊದಲು ನಿನ್ನ ಕೊಳಕ್ಕೇ ಬರುತ್ತೇನೆ. ಮೂರನೇ ಲೇನು ಖಾಲಿ ಇಟ್ಟಿರು. ಪ್ರತಿ ಸುತ್ತಿಗೂ ಎರಡು ಬೆರಳಿಡು. ಬಡಿತ ತಪ್ಪಿದೆ ಎಂದು ನೀನಂದರೆ ನಾನು ನಂಬುತ್ತೇನೆ. ನಾನು ಎದೆ ಹಿಡಿಯಿತು ಅಂದರೆ ನೀನು ನಂಬು. ಮತ್ತೆ ಒಂದು ವಿಷಯ, ಕೊಳದ ಬಾಗಿಲು ದಾಟಿದ ಮೇಲೂ ನಾನು ಅಮ್ಮ ಎಂದೇ ಕೂಗುವವಳು. ಮಕ್ಕಳೆಲ್ಲ ನಕ್ಕರೆ ನಗಲಿ.

ಪುಸ್ತಕವನ್ನು ಈ ಪತ್ರದ ಜೊತೆಯೇ ಕಳಿಸುತ್ತಿದ್ದೇನೆ. ನನ್ನ ಪುಟದ ಕೊನೆಯಲ್ಲಿ ಇವತ್ತಿನ ಸಾಲು ಖಾಲಿ ಇತ್ತು, ನಾನೇ ಕುತ್ತಿಗೆಗೆ ಬೆರಳಿಟ್ಟು ಗಡಿಯಾರ ನೋಡಿ ಬರೆದಿದ್ದೇನೆ, ಪೆನ್ಸಿಲ್ಲಿನಲ್ಲಿ, ನಿನಗೆ ಓದಲು ಬರುವ ಹಾಗೆ ದುಂಡಗೆ. ಹದಿನೈದು ಸೆಕೆಂಡಿಗೆ ಹತ್ತೊಂಬತ್ತು. ಒಂದೂ ಖಾಲಿ ಇಲ್ಲ. ನೀನು ಬಂದು ಇನ್ನೊಮ್ಮೆ ಎಣಿಸು.

ನಿನ್ನ
ಕಪ್ಪೆ